ಗುಡ್ಡದ ತುಂಬ ದುಂಡುಮನೆಗಳು

ಒಂದಲ್ಲ, ಎರಡಲ್ಲ, ಗುಡ್ಡದ ಇಳಿಜಾರಿನ ತುಂಬ ದುಂಡುಮನೆಗಳು! ಒಂದರ ಮಗ್ಗುಲಿಗೆ ಒಂದು, ಉಸಿರಾಡಲೂ ಜಾಗವಿಲ್ಲದಷ್ಟು ಒತ್ತೊತ್ತಾಗಿ. ಸೈಪ್ರಸ್ ದ್ವೀಪದ ಈ ಊರಿನ ಹೆಸರು ಖಿರೊಕಿಟಿಯಾ. ಕಡಲಿನಿಂದ ಸುಮಾರು 6 ಕಿಲೋಮೀಟರ್ ಒಳಗೆ, ಮರೋನಿ ಹೊಳೆಯ ಪಕ್ಕದಲ್ಲಿದೆ. 1934ರಲ್ಲಿ ಪುರಾತತ್ತ್ವಜ್ಞ ಪೋರ್ಫಿರಿಯೋಸ್ ಡಿಕಾಯೋಸ್ ಇದನ್ನು ಪತ್ತೆಹಚ್ಚಿದರು. ಕ್ರಿ.ಪೂ. 7ನೇ ಸಹಸ್ರಮಾನದ ಊರಿದು! ಈಜಿಪ್ಟಿನ ಪಿರಮಿಡ್ಡುಗಳು ಏಳುವುದಕ್ಕೆ ಮೂರು ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಇಲ್ಲಿ ಒಲೆ ಉರಿಯುತ್ತಿತ್ತು.

ಗೋಡೆಗೆ ಸುಣ್ಣಕಲ್ಲು, ಹಸಿ ಇಟ್ಟಿಗೆ, ಮೆತ್ತಿದ ಮಣ್ಣು. ಗೋಡೆ ದುಂಡಗಿದ್ದ ಮೇಲೆ ಮಾಡು ಗುಮ್ಮಟವೇ ಇದ್ದಿರಬೇಕೆಂದು ಮೊದಲು ಎಣಿಸಿದ್ದರು. ಆಮೇಲಿನ ಉತ್ಖನನದಲ್ಲಿ ಕುಸಿದ ಛಾವಣಿಯ ಅವಶೇಷಗಳೇ ಸಿಕ್ಕಿದವು. ಅದು ಗುಮ್ಮಟವಲ್ಲ, ನಮ್ಮ ಬಯಲುಸೀಮೆಯ ಮಾಳಿಗೆ ಮನೆಯ ಹಾಗೆ ಮಟ್ಟಸವಾದ ಮಣ್ಣಿನ ಮಾಡು!

ಇನ್ನೂ ದೊಡ್ಡ ಅಚ್ಚರಿಯೆಂದರೆ, ಇಲ್ಲಿ ಒಂದು ದುಂಡು ಒಂದು ಮನೆಯಲ್ಲ, ಒಂದು ಕೋಣೆ. ಪುಟ್ಟ ಅಂಗಳದ ಸುತ್ತ ಇಂಥ ಹಲವು ಕೋಣೆಗಳು ಸೇರಿದರೆ ಒಂದು ಸಂಸಾರದ ಮನೆ. ಬೇಯಿಸುವುದು, ಬೀಸುವುದು, ಮಲಗುವುದು ಎಲ್ಲಕ್ಕೂ ಜಾಗ. ಅಂಗಳದ ಮನೆಯ ಸುಖವನ್ನು ಈ ಜನ ಆಗಲೇ ಕಂಡುಕೊಂಡಿದ್ದರು!

ಸತ್ತವರನ್ನೂ ಅವರು ಮನೆಯಿಂದ ಹೊರಗೆ ಕಳಿಸಲಿಲ್ಲ. ನೆಲದಲ್ಲೇ ಗುಣಿ ತೋಡಿ, ಮಂಡಿ ಮಡಿಸಿ ಮಲಗಿಸಿ, ಮತ್ತೆ ನೆಲ ಮೆತ್ತಿ, ಅದರ ಮೇಲೆಯೇ ಬದುಕಿದರು. ಹೆಂಗಸರ ಕೊರಳಲ್ಲಿ ಕಡಲ ಚಿಪ್ಪು, ಕೆಂಪು ಮಣಿಗಳ ಸರ. ಎಷ್ಟೋ ಗುಣಿಗಳಲ್ಲಿ ಹಸುಗೂಸುಗಳು. ಆ ತಾಯಂದಿರನ್ನು ನೆನೆದರೆ ಸಾವಿರಾರು ವರ್ಷಗಳ ದೂರ ಕರಗಿಹೋಗುತ್ತದೆ.

ಅವರಿಗೆ ಮಡಕೆ ಮಾಡುವುದು ಗೊತ್ತಿರಲಿಲ್ಲ. ಗಟ್ಟಿ ಕಲ್ಲನ್ನೇ ಕೊರೆದು, ನುಣುಪಾಗಿ ಉಜ್ಜಿ ಬಟ್ಟಲು ಮಾಡಿದರು! ಗೋಧಿ ಬೆಳೆದರು, ಕುರಿ, ಆಡು, ಹಂದಿ ಸಾಕಿದರು. ಈ ಕುರಿ, ಆಡುಗಳು ದ್ವೀಪದ ಮೂಲ ಪ್ರಾಣಿಗಳಲ್ಲ. ಜಿಂಕೆಗಳು ಕೂಡ ಅಲ್ಲ. ಇವುಗಳ ಹಿಂದಿನ ತಲೆಮಾರುಗಳನ್ನು ಯಾರೋ ದೋಣಿಗೆ ಹತ್ತಿಸಿ ಕಡಲು ದಾಟಿಸಿದ್ದರು. ಊಹಿಸಿ ನೋಡಿ, ಅಲೆಗಳ ಮೇಲೆ ತೂಗಾಡುವ ದೋಣಿ, ಅದರಲ್ಲಿ ಜಿಂಕೆ!

ಊರಿನ ಸುತ್ತ ಗೋಡೆಯಿತ್ತು. ಜನ ಹೆಚ್ಚಿ ಮನೆಗಳು ಆಚೆಗೆ ಹಬ್ಬಿದಾಗ ಇನ್ನೊಂದು ಗೋಡೆ ಕಟ್ಟಿದರು.

1998ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಗೆದಿರುವುದು ಊರಿನ ಒಂದು ಭಾಗ ಮಾತ್ರ. ಪಕ್ಕದಲ್ಲೇ ಕೆಲವು ಮನೆಗಳನ್ನು ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿದ್ದಾರೆ. ಸೈಪ್ರಸ್‌ಗೆ ಹೋದವರು ಕಡಲತೀರ ನೋಡಿ ಬಂದುಬಿಡಬೇಡಿ, ಇಲ್ಲಿಗೂ ತಪ್ಪದೆ ಹೋಗಿ ಬನ್ನಿ.