ದಪ್ಪ ಆಯಿಲ್ ಹಾಕಿದ್ರೆ ಎಂಜಿನ್ ಉಳಿಯುತ್ತಾ? ಕಬ್ಬಿನ ಟ್ರ್ಯಾಕ್ಟರ್‌ನಿಂದ ಟರ್ಬೊ ಕಾರಿನವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಮುಧೋಳದಿಂದ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸಿದ್ದಾನೆ. ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ತಗೊಂಡಿದ್ದಾನಂತೆ. ಅವನ ಮಾತಲ್ಲೇ ಹೇಳ್ತೀನಿ: "ಅಣ್ಣಾ, ನಾ ಗಾಡಿ ಜೋರ್ ಹೊಡಿತೀನಿ. ಪುಸ್ತಕದಾಗ 5ಡಬ್ಲ್ಯೂ-30 ಅಂತ ಐತಿ. ಅಂಗಡ್ಯಾವ್ರು, ನಮ್ಮ ಕಡಿ ಬಿಸಲು ಬಾಳ, 20ಡಬ್ಲ್ಯೂ-50 ಹಾಕು ಅಂತಾರ. ಯಾವ್ದ ಹಾಕ್ಲಿ?"

ಒಳ್ಳೆ ಪ್ರಶ್ನೆ. ಆದ್ರೆ ಕಾರಿಗೆ ಬರೋದಕ್ಕಿಂತ ಮೊದಲು ಟ್ರ್ಯಾಕ್ಟರ್ ಕಥೆ ಹೇಳಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಎಂಜಿನ್ನಿಗೆ ನಿಜವಾಗಿ ಬೆವರಿಳಿಸೋದು ಸ್ಪೋರ್ಟ್ಸ್ ಕಾರು ಅಲ್ಲ. ಹಿಂದೆ ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ರಾತ್ರಿ ಹಗಲು ಫ್ಯಾಕ್ಟರಿಗೆ ಹೋಗೋ ಟ್ರ್ಯಾಕ್ಟರ್. ಜಾತ್ರೆಯಲ್ಲಿ ಹಿಂದಕ್ಕೆ ಹಿಂದೆ ಕಟ್ಟಿ ಜಗ್ಗಾಟಕ್ಕೆ ಬಿಡ್ತಾರಲ್ಲ, ಅದೂ ಅಷ್ಟೇ. ಕಪ್ಪು ಹೊಗೆ, ಮೊಬೈಲ್ ಎತ್ತಿ ಹಿಡಿದ ಹುಡುಗರು, ಎಲ್ಲ ನೀವು ನೋಡಿರ್ತೀರಿ.

ನಮ್ಮ ಕಾಕಾನ ಟ್ರ್ಯಾಕ್ಟರ್ ಹಂಗಾಮಿನ ನಡುವೆ ಕೈ ಕೊಟ್ಟಿತ್ತು. ತಪ್ಪಲ್ಲಿ ನಂದೂ ಪಾಲಿತ್ತು. ಹಂಗಾಮು ಶುರುವಾಗೋಕೆ ಮುಂಚೆ, ಎಳೆಯೋ ಶಕ್ತಿ ಜಾಸ್ತಿ ಬರಲಿ ಅಂತ ಕಾಕಾ ಡೀಸೆಲ್ ಪಂಪ್ ಏರಿಸಿದ್ದ. ಎಂಜಿನ್ ಬಿಸಿ ಆಗ್ತದೆ ಅಂತ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಆಯಿಲ್ ತಂದು ಹಾಕಿದ್ದ. ಒಂದಿನ ಬೆಳಿಗ್ಗೆ ಡಿಪ್‌ಸ್ಟಿಕ್ ತೆಗೆದು ನೋಡಿದವನು ನಾನೇ. ಆಯಿಲ್ ಮೇಲಿನ ಗೆರೆ ದಾಟಿ ನಿಂತಿತ್ತು. "ಕಾಕಾ, ಆಯಿಲ್ ಭರ್ತಿ ಐತಿ, ಚಿಂತಿ ಬ್ಯಾಡ" ಅಂದೆ. ಯಾರೂ ಹೊಸದಾಗಿ ಹಾಕಿರಲಿಲ್ಲ, ಹಾಗಿದ್ರೆ ಆಯಿಲ್ ಹೆಂಗೆ ಹೆಚ್ಚಾಯ್ತು ಅಂತ ತಲೆಗೆ ಹೊಳೀಲೇ ಇಲ್ಲ.

ಹೆಚ್ಚಾಗಿದ್ದು ಆಯಿಲ್ ಅಲ್ಲ, ಡೀಸೆಲ್. ಪಂಪ್ ಏರಿಸಿದಾಗ ಪೂರ್ತಿ ಸುಡದ ಡೀಸೆಲ್ ಸಿಲಿಂಡರ್ ಗೋಡೆ ತೊಳೆದುಕೊಂಡು ಕೆಳಗೆ ಆಯಿಲ್‌ಗೆ ಸೇರುತ್ತೆ. ದಪ್ಪ ಆಯಿಲ್ ಹೊಟ್ಟೆಯೊಳಗೇ ನೀರಾಗಿತ್ತು. ಹತ್ತು ದಿನಕ್ಕೆ, ತುಂಬಿದ ಟ್ರೇಲರ್ ಹಿಂದಿದ್ದಾಗ ಏರಿನಲ್ಲಿ ಟಕ ಟಕ ಸದ್ದು ಬಂತು. ಕ್ರ್ಯಾಂಕ್ ಬೇರಿಂಗ್ ಹೋಗಿತ್ತು. ಕಬ್ಬಿನ ಗ್ಯಾಂಗಿಗೆ ಮುಂಗಡ ಕೊಟ್ಟಾಗಿತ್ತು. ಕಡಿದ ಕಬ್ಬು ಹೊಲದಲ್ಲೇ ಒಣಗ್ತಿತ್ತು. ಒಣಗಿದಷ್ಟೂ ತೂಕ ಕಮ್ಮಿ, ತೂಕ ಕಮ್ಮಿಯಾದಷ್ಟೂ ದುಡ್ಡು ಕಮ್ಮಿ. ಟ್ರ್ಯಾಕ್ಟರಿನ ಕಂತು ಮಾತ್ರ ಕಮ್ಮಿ ಆಗಲ್ಲ. ಮೂರು ವಾರ ಗಾಡಿ ಗ್ಯಾರೇಜಿನಲ್ಲಿತ್ತು. ಕಾಕಾ ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚಲೋ ಇರ್ತಿತ್ತು.

ಈಗ ಆ ಅಂಕಿಗಳ ಲೆಕ್ಕಕ್ಕೆ ಬರೋಣ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡೋದನ್ನ ನೋಡಿದವರಿಗೆ ಇದು ಸುಲಭ. ಕೊಪ್ಪರಿಗೆಯಲ್ಲಿ ಕುದಿಯುವಾಗ ಪಾಕ ಸಲೀಸಾಗಿ ಹರಿಯುತ್ತೆ, ಆರಿದ ಹಾಗೆ ಗಟ್ಟಿಯಾಗುತ್ತೆ. ಎಂಜಿನ್ ಆಯಿಲ್ ಕೂಡ ಬಿಸಿಯಾದಷ್ಟೂ ತೆಳು. 5ಡಬ್ಲ್ಯೂ-30ರಲ್ಲಿ 'ಡಬ್ಲ್ಯೂ' ಅಂದ್ರೆ ವಿಂಟರ್, ಚಳಿಗಾಲ. ಮುಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಬೇಗ ಹರಿಯುತ್ತೆ ಅನ್ನೋದಕ್ಕೆ. 5ಡಬ್ಲ್ಯೂ ಆಯಿಲ್‌ನ ಪರೀಕ್ಷೆ ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯೂದು ಮೈನಸ್ 20ರಲ್ಲಿ ನಡೆಯುತ್ತೆ. ಜಮಖಂಡಿಯಲ್ಲಿ ಅಂಥ ಚಳಿ ಕನಸಲ್ಲೂ ಬರಲ್ಲ, ಬಿಡ್ರಿ. ಆದ್ರೂ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ 5ಡಬ್ಲ್ಯೂ ಆಯಿಲ್ 20ಡಬ್ಲ್ಯೂಗಿಂತ ಬೇಗ ಟರ್ಬೊವರೆಗೆ ತಲುಪುತ್ತೆ.

ಹಿಂದಿನ ಅಂಕಿಯೇ ನಮಗೆ ಮುಖ್ಯ. ಅದನ್ನ 100 ಡಿಗ್ರಿಯಲ್ಲಿ ಅಳೀತಾರೆ. ಎಸ್‌ಎಇ ಜೆ300 ಅನ್ನೋ ಮಾನದಂಡದ ಪ್ರಕಾರ 30 ಅಂದ್ರೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ. 40 ಅಂದ್ರೆ 12.5ರಿಂದ 16.3. 50 ಅಂದ್ರೆ 16.3ರಿಂದ 21.9. ಅಂಕಿ ದೊಡ್ಡದಾದಷ್ಟೂ ಬಿಸಿಯಲ್ಲಿ ದಪ್ಪ.

ಇಲ್ಲೇ ಅಂಗಡಿಯವರ ಮಾತು ಅರ್ಧ ತಪ್ಪೋದು. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತೆ, ನಿಜ. ಆದ್ರೆ ಎಂಜಿನ್ನಿನ ನೀರನ್ನ ಥರ್ಮೋಸ್ಟಾಟ್ ಹೆಚ್ಚುಕಡಿಮೆ 90 ಡಿಗ್ರಿ ಆಸುಪಾಸು ಹಿಡಿದಿಡುತ್ತೆ. ಆರಾಮಾಗಿ ಓಡಿಸಿದ್ರೆ ಆಯಿಲ್ ಕೂಡ 100ರ ಹತ್ತಿರವೇ ಇರುತ್ತೆ, ಹೊರಗೆ 25 ಇರಲಿ, 40 ಇರಲಿ. ಆಯಿಲ್‌ನ ಬಿಸಿ ಏರಿಸೋದು ಬಿಸಿಲಿಗಿಂತ ಹೆಚ್ಚಾಗಿ ಭಾರ. ಆಕ್ಸಲರೇಟರ್ ಒತ್ತಿ ಹಿಡಿದು ಓಡಿಸಿದಾಗ, ಏರಿನಲ್ಲಿ ಲೋಡ್ ಎಳೆಯುವಾಗ ಅದು 120, 130ಕ್ಕೂ ಹೋಗುತ್ತೆ. ಡ್ಯಾಶ್‌ಬೋರ್ಡ್ ಮೇಲಿನ ಮುಳ್ಳು ತೋರಿಸೋದು ನೀರಿನ ಬಿಸಿ, ಆಯಿಲ್‌ದಲ್ಲ. ಮುಳ್ಳು ನಡುವೆ ನಿಂತಿದೆ ಅಂತ ನೀವು ನಿಶ್ಚಿಂತೆಯಿಂದ ಇರ್ತೀರಿ, ಒಳಗೆ ಆಯಿಲ್ 100 ಡಿಗ್ರಿಯಲ್ಲಿದ್ದದ್ದಕ್ಕಿಂತ ಸಾಕಷ್ಟು ತೆಳುವಾಗಿರುತ್ತೆ.

ಕ್ರ್ಯಾಂಕ್ ಮತ್ತು ಬೇರಿಂಗ್ ನಡುವಿನ ಸಂದು ಕೂದಲೆಳೆಯಷ್ಟೂ ಇಲ್ಲ. ಆ ಸಂದಿನಲ್ಲಿ ಲೋಹಕ್ಕೆ ಲೋಹ ತಾಕದಂತೆ ನಿಲ್ಲಬೇಕಾದ್ದು ಆಯಿಲ್‌ನ ಪದರ. ಅದನ್ನ ಅಳೆಯೋಕೆ ಇನ್ನೊಂದು ಪರೀಕ್ಷೆ ಇದೆ, 150 ಡಿಗ್ರಿಯಲ್ಲಿ, ಜೋರಾಗಿ ತಿರುಗಿಸಿ ಉಜ್ಜಿ ನೋಡೋದು. ಎಚ್‌ಟಿಎಚ್‌ಎಸ್ ಅಂತಾರೆ. 30ರ ಆಯಿಲ್ ಅದರಲ್ಲಿ ಕನಿಷ್ಠ 2.9 ಪಡೆದ್ರೆ ಸಾಕು. 5ಡಬ್ಲ್ಯೂ-40ಕ್ಕೆ 3.5 ಬೇಕು, 15ಡಬ್ಲ್ಯೂ-40ಕ್ಕೆ 3.7. ಆದ್ರೆ ಎಲ್ಲಾ 30ಗಳೂ ಒಂದೇ ಅಲ್ಲ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಎಸಿಇಎ ಸಿ3 ಅಂತಿದ್ರೆ, ಆ ಆಯಿಲ್ 30 ಆಗಿದ್ರೂ ಕನಿಷ್ಠ 3.5 ಇರಲೇಬೇಕು. ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಓದ್ರಿ, ನಾಚಿಕೆ ಬೇಡ.

ಹಾಗಾದ್ರೆ ತಮ್ಮಾ, ನಿನ್ನ ಕಾರಿಗೆ? ಪುಸ್ತಕದಲ್ಲಿ 5ಡಬ್ಲ್ಯೂ-30 ಜೊತೆ 5ಡಬ್ಲ್ಯೂ-40 ಕೂಡ ಆಗುತ್ತೆ ಅಂತ ಬರೆದಿದ್ರೆ, ಜೋರಾಗಿ ಓಡಿಸೋನು ನೀನು 40 ಹಾಕು. 30 ಮಾತ್ರ ಇದ್ರೆ 30ನ್ನೇ ಹಾಕು, ಪುಸ್ತಕ ಕೇಳಿದ ಗುಣಮಟ್ಟದ್ದು, ಬದಲಿಸೋ ಅವಧಿ ಕಡಿಮೆ ಮಾಡು. 20ಡಬ್ಲ್ಯೂ-50 ಬೇಡ. ಈಗಿನ ಎಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ ಬದಲಿಸೋ ಕೆಲಸ ಕೂಡ ಆಯಿಲ್ ಒತ್ತಡದಿಂದಲೇ ನಡೆಯೋದು, ಅದರ ದಾರಿಗಳು ಸಣ್ಣವು. ದಪ್ಪ ಆಯಿಲ್ ಪ್ರೆಶರ್ ಹೆಚ್ಚು ತೋರಿಸಬಹುದು, ಹರಿಯೋದು ಮಾತ್ರ ಕಮ್ಮಿ. ಬೇರಿಂಗನ್ನ ತಂಪಾಗಿಡೋದು ಹರಿವು. ಮೇಲೆ, ದಪ್ಪ ಆಯಿಲ್ ತನ್ನ ಉಜ್ಜಾಟಕ್ಕೆ ತಾನೇ ಬಿಸಿಯಾಗುತ್ತೆ. ಜೋರಾಗಿ ಓಡಿಸಿ ನಿಲ್ಲಿಸಿದ ಮೇಲೆ ಒಂದು ನಿಮಿಷ ಸುಮ್ಮನೆ ಚಾಲೂ ಬಿಡು. ಕೂಡಲೇ ಆಫ್ ಮಾಡಿದ್ರೆ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗುತ್ತೆ.

ಇನ್ನೊಂದು ಮಾತು. ಹಂಗಾಮಿನಲ್ಲಿ ನಮ್ಮ ರಸ್ತೆಗಳಲ್ಲಿ ಹಿಂದೆ ಕೆಂಪು ದೀಪ ಇಲ್ಲದ ಟ್ರೇಲರ್ ಕತ್ತಲಲ್ಲಿ ನಿಂತಿರ್ತವೆ. ಅದಕ್ಕೆ ಯಾವ ಆಯಿಲೂ ಇಲ್ಲ.

ಬೈಕಿನವರು ಬೇಗ ಕೇಳ್ರಿ: ಬಹಳಷ್ಟು ಬೈಕ್‌ಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ. ಜಾಸೊ ಎಂಎ ಅಥವಾ ಎಂಎ2 ಅಂತ ಬರೆದಿರೋದನ್ನೇ ತಗೊಳ್ರಿ. ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಜಾರಬಹುದು.

ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ 15ಡಬ್ಲ್ಯೂ-40. ಅಲ್ಲಿ ಎಡವೋದು ಅಂಕಿಯಲ್ಲಿ ಅಲ್ಲ, ದಿನದ ಲೆಕ್ಕದಲ್ಲಿ. ಬಹಳಷ್ಟು ಟ್ರ್ಯಾಕ್ಟರ್‌ಗಳಿಗೆ 250 ಗಂಟೆಗೊಮ್ಮೆ ಆಯಿಲ್ ಬದಲಿಸು ಅಂತಿರುತ್ತೆ. ಹಂಗಾಮಿನಲ್ಲಿ ದಿನಕ್ಕೆ 16 ಗಂಟೆ ಓಡಿದ್ರೆ ಅದು ಹದಿನಾರೇ ದಿನ! ಫ್ಯಾಕ್ಟರಿ ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟು ನಿಂತದ್ದೂ ಇದರಲ್ಲಿ ಸೇರುತ್ತೆ. "ಹೋದ ಅಮಾಸಿಗಿ ಹಾಕೇನಿ" ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ, ಮೀಟರ್ ನೋಡ್ರಿ. ಹಳೇ ಡಬ್ಬಿ ಮಾರೋಕೆ ಮುಂಚೆ ಅದಕ್ಕೊಂದು ತೂತು ಹೊಡೀರಿ, ಇಲ್ಲಾಂದ್ರೆ ಅದೇ ಡಬ್ಬಿ ನಕಲಿ ಆಯಿಲ್ ತುಂಬಿಕೊಂಡು ವಾಪಸ್ ಬರಬಹುದು.

ಕಾಕಾ ಈಗ ಪಂಪ್ ಮೊದಲಿನ ಹಾಗೇ ಇಟ್ಟಿದ್ದಾನೆ. ದಿನಾ ಬೆಳಿಗ್ಗೆ ಡಿಪ್‌ಸ್ಟಿಕ್ ತೆಗೆದು ಗೆರೆ ನೋಡ್ತಾನೆ, ಆಮೇಲೆ ಮೂಗಿಗೆ ಹಿಡೀತಾನೆ. ಡೀಸೆಲ್ ವಾಸನೆ ಬಂದ್ರೆ, ಗೆರೆ ಕಾರಣವಿಲ್ಲದೆ ಮೇಲೇರಿದ್ರೆ ಗಾಡಿ ಹೊರಗೆ ಹೋಗಲ್ಲ. ಪೆಟ್ರೋಲ್ ಕಾರಿಗೂ ಇದೇ ಪರೀಕ್ಷೆ ಆಗುತ್ತೆ. ತಮ್ಮಾ, ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ನಿನ್ನ ಡಿಪ್‌ಸ್ಟಿಕ್‌ದೊಂದು ಫೋಟೊ, ಪುಸ್ತಕದ ಆಯಿಲ್ ಪುಟದ್ದೊಂದು ಫೋಟೊ ಕಳಿಸು. ಎರಡನ್ನೂ ಕೂಡಿ ನೋಡೋಣ.