ಅಳಿಸಿದ ಸಾಲಿನಲ್ಲೂ ಹೆಸರು ಉಳಿದಿತ್ತು

ಹೊರನಾಡಿನ ಕನ್ನಡ ಸಂಘಗಳ ಕಪಾಟು ತೆರೆದರೆ ಮೂರು ವಸ್ತುಗಳು ಸಿಗುತ್ತವೆ: ಹಳೆಯ ಸ್ಮರಣ ಸಂಚಿಕೆಗಳು, ಹಂಚಿ ಉಳಿದ ಸ್ಮರಣಿಕೆಗಳು ಮತ್ತು ಯಾರಿಗೂ ತೆರೆಯಲು ಬಾರದ ಒಂದೆರಡು ಸಿಡಿಗಳು. ಮೊದಲೆರಡನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಮೂರನೆಯದು ರದ್ದಿಯವನ ಚೀಲ ಸೇರುತ್ತದೆ. ಹಾಗೆ ಸೇರುವ ಮುನ್ನ ಅದರೊಳಗೆ ಏನಿದೆಯೆಂದು ಒಮ್ಮೆ ಓದಿ ನೋಡಿ ಎನ್ನುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮುಂಬೈಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಕನ್ನಡಿಗರ ದೊಡ್ಡ ತಲೆಮಾರೊಂದಿದೆ. ಕರಾವಳಿಯಿಂದ ಬಸ್ಸು ಹತ್ತಿ ಬಂದ ಹುಡುಗರು ತಟ್ಟೆ ಲೋಟ ತೊಳೆದು, ರಾತ್ರಿ ಏಳಕ್ಕೆ ಬೆಂಚಿನ ಮೇಲೆ ಕೂರುತ್ತಿದ್ದರು. ಅಂಥ ಶಾಲೆಗಳಲ್ಲಿ ಎಷ್ಟೋ ಈಗ ಮುಚ್ಚಿವೆ. ಅಲ್ಲಿ ಕಲಿತವರಿಗೆ ಈಗ ಪಿಂಚಣಿಯ ವಯಸ್ಸು.

ನಾನು ಠಾಣೆಯಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಕಡೆಯ ಒಂದು ಸಂಘದ ಕಾರ್ಯದರ್ಶಿಯವರು ಕಳೆದ ವರ್ಷ ಒಬ್ಬ ಹಿರಿಯರನ್ನು ನನ್ನ ಬಳಿಗೆ ಕಳಿಸಿದರು. ಕಾರ್ಕಳದ ಕಡೆಯವರು, ಮೂವತ್ತೈದು ವರ್ಷ ಹೋಟೆಲಿನಲ್ಲಿ ದುಡಿದವರು. ಹುಟ್ಟಿದ್ದು 1968ರ ಜೂನ್. ಹಿಂದೆ ಕೆಲಸಕ್ಕಿದ್ದ ಕಡೆ ಯಾರೋ ಅಂದಾಜಿನಲ್ಲಿ ಬರೆಸಿದ್ದರಿಂದ ಭವಿಷ್ಯನಿಧಿಯ ದಾಖಲೆಯಲ್ಲಿ ಅದು 1971 ಆಗಿತ್ತು. ನೌಕರರ ಪಿಂಚಣಿ ಯೋಜನೆಯಲ್ಲಿ ಪೂರ್ಣ ಪಿಂಚಣಿ 58ಕ್ಕೆ. ಅಂದರೆ ಒಂದು ತಪ್ಪು ಅಂಕಿಯಿಂದ ಮೂರು ವರ್ಷ ಹೆಚ್ಚು ಕಾಯಬೇಕು. ಆಧಾರ್ ಕಾರ್ಡ್ ತೋರಿಸಿದರೆ ಸಾಲದು. ಜನ್ಮದಿನಾಂಕಕ್ಕೆ ಪುರಾವೆಯಾಗುವ ದಾಖಲೆಗಳ ಪಟ್ಟಿಯಿಂದ ಭವಿಷ್ಯನಿಧಿ ಸಂಸ್ಥೆ 2024ರ ಜನವರಿಯಲ್ಲಿ ಆಧಾರನ್ನು ತೆಗೆದಿದೆ. ಶಾಲೆಯ ದಾಖಲೆಯಾದರೆ ನಡೆಯುತ್ತದೆ.

ಇವರು ಓದಿದ ರಾತ್ರಿ ಶಾಲೆ ಮುಚ್ಚಿ ಬಹಳ ಕಾಲವಾಗಿತ್ತು. ಪ್ರವೇಶ ಪುಸ್ತಕಗಳು, ಅಂದರೆ ಇಲ್ಲಿಯವರು ಜಿಆರ್ ಎನ್ನುವ ಜನರಲ್ ರಿಜಿಸ್ಟರುಗಳು, ಆಡಳಿತ ಮಂಡಳಿಯ ಟ್ರಂಕುಗಳಲ್ಲಿದ್ದವು. ಆದರೆ ಜಿಆರ್ ನಂಬರ್ ಗೊತ್ತಿಲ್ಲದೆ ಆ ರಾಶಿಯಲ್ಲಿ ಹುಡುಕಲು ಯಾರೂ ಸಿದ್ಧರಿರಲಿಲ್ಲ. ಕಾರ್ಯದರ್ಶಿಯವರ ಕೈಯಲ್ಲಿದ್ದದ್ದು ಒಂದು ಸಿಡಿ. 1990ರ ದಶಕದಲ್ಲಿ ಅಲ್ಲಿನ ಮಾಸ್ತರರೊಬ್ಬರು ಸ್ಮರಣ ಸಂಚಿಕೆಗೆಂದು ಹಳೆಯ ವಿದ್ಯಾರ್ಥಿಗಳ ಹೆಸರನ್ನೆಲ್ಲ ಫಾಕ್ಸ್‌ಪ್ರೊದಲ್ಲಿ ತುಂಬಿಸಿದ್ದರಂತೆ. “ಅದರಲ್ಲಿ ನನ್ನ ಹೆಸರು ಉಂಟಾ ನೋಡಿ ಮಾರಾಯ್ರೆ” ಎಂದರು ಹಿರಿಯರು.

ಫಾಕ್ಸ್‌ಪ್ರೊ ಎಂದರೆ ನನ್ನ ವಯಸ್ಸಿನವರಿಗೂ ಹಳೆಯ ಮಾತು. ಮಾಹಿತಿ ಇಡುವ ಕಡತ, ತುಂಬುವ ಪರದೆ, ಮುದ್ರಿಸುವ ವರದಿ ಎಲ್ಲವನ್ನೂ ಒಂದೇ ಕಡೆ ಕಟ್ಟಿಕೊಳ್ಳಲು ಅನುಕೂಲವಿದ್ದ ತಂತ್ರಾಂಶ ಅದು. ಇದರ ಬೇರು ಡಿಬೇಸ್. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿದ್ದ ವೇಯ್ನ್ ರ್‍ಯಾಟ್ಲಿಫ್ 1970ರ ದಶಕದ ಕೊನೆಗೆ ಬರೆದ ವಲ್ಕನ್ ಎಂಬ ಪ್ರೋಗ್ರಾಂ ಮುಂದೆ ಡಿಬೇಸ್ ಆಯಿತು. ಅದೇ ಬಗೆಯ ಕಡತವನ್ನು ಬಳಸಿದ ಫಾಕ್ಸ್‌ಪ್ರೊವನ್ನು 1992ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಅದರ ಕೊನೆಯ ಆವೃತ್ತಿಗೆ ಕಂಪನಿಯ ಬೆಂಬಲ 2015ರ ಜನವರಿಯಲ್ಲಿ ನಿಂತಿತು. ತಂತ್ರಾಂಶದ ಕಾಲ ಮುಗಿಯಿತು. ಆದರೆ ಡಿಬಿಎಫ್ ಎಂಬ ಆ ಕಡತ ಸಾಯಲಿಲ್ಲ. ಭೂಪಟ ತಯಾರಿಸುವವರು ನಿತ್ಯ ಬಳಸುವ ಶೇಪ್‌ಫೈಲ್‌ನ ಜೊತೆಗೆ ಇಂದಿಗೂ ಒಂದು ಡಿಬಿಎಫ್ ಇರುತ್ತದೆ.

ಅದು ಬಾಳಿಕೆ ಬಂದದ್ದು ಸರಳತೆಯಿಂದ. ಶಾಲೆಯ ಹಾಜರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಮೊದಲ ಪುಟದಲ್ಲಿ ಎಷ್ಟು ಕಾಲಂ, ಯಾವ ಕಾಲಂ ಎಷ್ಟು ಅಗಲ ಎಂಬ ವಿವರ. ಆಮೇಲೆ ಸಾಲಿನ ಮೇಲೆ ಸಾಲು. ಡಿಬಿಎಫ್ ಕೂಡ ಹಾಗೆಯೇ. ಮೊದಲ 32 ಬೈಟುಗಳಲ್ಲಿ ಕೊನೆಯ ಸಲ ಬರೆದ ದಿನಾಂಕ, ಒಟ್ಟು ದಾಖಲೆಗಳ ಸಂಖ್ಯೆ, ಒಂದು ದಾಖಲೆಯ ಉದ್ದ. ನಂತರ ಪ್ರತಿ ಕಾಲಮಿಗೂ 32 ಬೈಟಿನ ಪರಿಚಯ, ಕೊನೆಗೊಂದು ಮುಕ್ತಾಯದ ಗುರುತು. ಮಾಸ್ತರರ ಕಡತದಲ್ಲಿ ಏಳು ಕಾಲಂಗಳಿದ್ದವು: ಜಿಆರ್ ನಂಬರಿಗೆ 6 ಅಕ್ಷರ, ಹೆಸರಿಗೆ 40, ಜನ್ಮದಿನಾಂಕಕ್ಕೆ 8, ಹುಟ್ಟೂರಿಗೆ 25, ಸೇರಿದ ದಿನಾಂಕಕ್ಕೆ 8, ತರಗತಿಗೆ 4, ಬಿಟ್ಟ ದಿನಾಂಕಕ್ಕೆ 8. ಒಟ್ಟು 99.

ಆದರೆ ಒಂದೊಂದು ದಾಖಲೆಯ ಉದ್ದ 100. ಆ ಹೆಚ್ಚಿನ ಒಂದು ಬೈಟಿನಲ್ಲೇ ನಮ್ಮ ಹಿರಿಯರ ಭಾಗ್ಯ ಅಡಗಿತ್ತು.

ತಲೆಭಾಗ 257 ಬೈಟ್, ಒಂದು ಸಾಲು 100 ಬೈಟ್ ಎಂದಾದರೆ ಯಾವ ದಾಖಲೆ ಎಲ್ಲಿದೆ ಎಂಬುದು ಬರೀ ಲೆಕ್ಕ. 412ನೆಯದು ಬೇಕಾದರೆ ಅದಕ್ಕೂ ಮುಂಚಿನ 411 ಸಾಲುಗಳನ್ನು ದಾಟಬೇಕು. 41,100ಕ್ಕೆ 257 ಸೇರಿಸಿ, 41,357 ಬೈಟುಗಳ ಆಚೆಯಿಂದ ನೂರು ಬೈಟ್ ಓದಿದರೆ ಸಾಕು. ಮೂಲ ಕಡತವನ್ನು ಮುಟ್ಟದೆ ಅದರ ಒಂದು ಪ್ರತಿ ಮಾಡಿಕೊಂಡು, ಪೈಥಾನಿನಲ್ಲಿ ಮೂವತ್ತು ಸಾಲಿನ ಪ್ರೋಗ್ರಾಂ ಬರೆದೆ.

ತಲೆಭಾಗದ ಎಣಿಕೆ 2,316 ಎನ್ನುತ್ತಿತ್ತು. ಕಡತದ ಉದ್ದ 2,32,158 ಬೈಟ್. ತಲೆಭಾಗವನ್ನೂ ಕೊನೆಯ ಒಂದು ಮುಕ್ತಾಯದ ಬೈಟನ್ನೂ ಕಳೆದು ನೂರರಿಂದ ಭಾಗಿಸಿದರೆ 2,319. ಹೊಸ ಸಾಲು ಬರೆಯುವಾಗ ಎರಡು ಕೆಲಸಗಳಾಗಬೇಕು: ಕೊನೆಯಲ್ಲಿ ಸಾಲು ಸೇರಬೇಕು, ತಲೆಭಾಗದ ಎಣಿಕೆ ಹೆಚ್ಚಬೇಕು. ಎರಡರ ನಡುವೆ ಕರೆಂಟು ಹೋದರೆ ಸಾಲು ಕಡತದಲ್ಲಿರುತ್ತದೆ, ಎಣಿಕೆಯಲ್ಲಿರುವುದಿಲ್ಲ. ಅಂತೂ ಎಣಿಕೆಯಿಂದ ಹೊರಗುಳಿದ ಮೂವರು ಹುಡುಗರೂ ಸಿಕ್ಕರು. ಆದರೆ ನಾವು ಹುಡುಕುತ್ತಿದ್ದವರು ಆ ಮೂವರಲ್ಲಿ ಇರಲಿಲ್ಲ.

ಈಗ ಆ ಒಂದು ಬೈಟಿನ ವಿಷಯ. ಪ್ರತಿ ಸಾಲಿನ ಮೊದಲ ಅಕ್ಷರದ ಜಾಗ ಖಾಲಿ ಇದ್ದರೆ ದಾಖಲೆ ಚಾಲ್ತಿಯಲ್ಲಿದೆ ಎಂದರ್ಥ. ಅಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಅಳಿಸಲಾಗಿದೆ ಎಂದರ್ಥ. ಫಾಕ್ಸ್‌ಪ್ರೊದಲ್ಲಿ ಡಿಲೀಟ್ ಎಂದರೆ ಅದು ಮಾಡುತ್ತಿದ್ದದ್ದು ಇಷ್ಟೇ, ನಕ್ಷತ್ರ ಹಾಕುವುದು. ಹೆಸರು, ಊರು, ದಿನಾಂಕ ಯಾವುದಕ್ಕೂ ಕೈ ಹಚ್ಚುತ್ತಿರಲಿಲ್ಲ. ರಿಕಾಲ್ ಎಂದರೆ ನಕ್ಷತ್ರ ಹೋಗಿ ಸಾಲು ಮತ್ತೆ ಬರುತ್ತಿತ್ತು. ಪ್ಯಾಕ್ ಎಂದಾಗ ಮಾತ್ರ ನಕ್ಷತ್ರವಿದ್ದವರನ್ನೆಲ್ಲ ಬಿಟ್ಟು ಕಡತವನ್ನು ಹೊಸದಾಗಿ ಬರೆಯುತ್ತಿತ್ತು. ಶಾಲೆ ಬಿಟ್ಟವರ ಹೆಸರು ನಿತ್ಯದ ಪಟ್ಟಿಯಲ್ಲಿ ಕಾಣಬಾರದೆಂದು ಮಾಸ್ತರರು ಅವರಿಗೆಲ್ಲ ನಕ್ಷತ್ರ ಹಾಕಿದ್ದರು. ಪ್ಯಾಕ್ ಮಾಡಿರಲಿಲ್ಲ. ಕಾರ್ಯದರ್ಶಿಯವರು ಸಿಡಿಯನ್ನು ಹಿಂದೊಮ್ಮೆ ಬೇರೆಯವರಿಂದ ತೆರೆಸಿದಾಗ “ಇದರಲ್ಲಿ ಹಳಬರು ಯಾರೂ ಇಲ್ಲ” ಎಂಬ ಉತ್ತರ ಸಿಕ್ಕಿದ್ದೂ ಇದಕ್ಕೇ. ಅಳಿಸಿದ ಗುರುತಿನ ಸಾಲುಗಳನ್ನು ತೋರಿಸದ ತಂತ್ರಾಂಶಗಳಿವೆ.

ನಕ್ಷತ್ರವಿದ್ದವರು ಸಾವಿರಕ್ಕೂ ಹೆಚ್ಚು. ಹೆಸರಿನಿಂದ ಹುಡುಕಿದರೆ ಪ್ರಯೋಜನವಾಗಲಿಲ್ಲ. ಪೂಜಾರಿ ಎಂಬ ಒಂದು ಪದವನ್ನೇ ಇಂಗ್ಲಿಷಿನಲ್ಲಿ ಒಮ್ಮೆ ಯು ಹಾಕಿ, ಒಮ್ಮೆ ಎರಡು ಓ ಹಾಕಿ, ಕೊನೆಗೆ ಒಮ್ಮೆ ಐ, ಒಮ್ಮೆ ವೈ ಹಾಕಿ ಬರೆದಿದ್ದರು. ಆದರೆ ದಿನಾಂಕಕ್ಕೆ ಆ ತೊಂದರೆಯಿಲ್ಲ. ಪರದೆಯಲ್ಲಿ ವರ್ಷದ ಎರಡೇ ಅಂಕಿ ಕಂಡರೂ ಕಡತದೊಳಗೆ ವರ್ಷ, ತಿಂಗಳು, ದಿನ ಸೇರಿ ಎಂಟು ಅಂಕಿ ಇರುತ್ತವೆ. 196806 ಎಂದು ಆರಂಭವಾಗುವವರನ್ನು ಆರಿಸಿದೆ. ಒಂಬತ್ತು ಜನ ಸಿಕ್ಕರು. ಕಾರ್ಕಳ ತಾಲ್ಲೂಕಿನ ಊರಿನವರು ಒಬ್ಬರೇ. ಪಕ್ಕದಲ್ಲಿ ಜಿಆರ್ ನಂಬರ್ ಇತ್ತು.

ಸಿಡಿಯ ಕಡತ ಕಚೇರಿಗೆ ಪುರಾವೆಯಲ್ಲ. ಆದರೆ ಅದು ಕೊಟ್ಟ ನಂಬರಿನಿಂದ ಟ್ರಂಕಿನೊಳಗಿನ ಸರಿಯಾದ ಪುಸ್ತಕ, ಸರಿಯಾದ ಪುಟ ಸಿಕ್ಕಿತು. ಮಾಸ್ತರರು ಶಾಯಿಯಲ್ಲಿ ಬರೆದ 1968 ಅಲ್ಲಿತ್ತು. ಆಡಳಿತ ಮಂಡಳಿ ದೃಢೀಕರಿಸಿದ ಪ್ರತಿ ಕೊಟ್ಟಿತು. ತಿದ್ದುಪಡಿಯ ಅರ್ಜಿ ಈಗಿನ ಹೋಟೆಲಿನ ಮಾಲೀಕರ ಮೂಲಕ ಹೋಗಿದೆ. ತೀರ್ಮಾನ ಇನ್ನು ಕಚೇರಿಯದು.

ಸಂಘ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಹಳೆಯ ಸಿಡಿ, ಫ್ಲಾಪಿ, ಕಂಪ್ಯೂಟರ್ ರದ್ದಿಗೆ ಹಾಕುವ ಮೊದಲು ಡಿಬಿಎಫ್ ಎಂದು ಕೊನೆಯಾಗುವ ಫೈಲುಗಳಿವೆಯೇ ನೋಡಿ. ಜೊತೆಗೆ ಎಫ್‌ಪಿಟಿ ಅಥವಾ ಡಿಬಿಟಿ ಎಂದು ಕೊನೆಯಾಗುವ, ಅದೇ ಹೆಸರಿನ ಫೈಲು ಇದ್ದರೆ ಅದನ್ನೂ ಇಟ್ಟುಕೊಳ್ಳಿ. ದೊಡ್ಡ ಟಿಪ್ಪಣಿಗಳು ಅದರಲ್ಲಿರುತ್ತವೆ. ಮೂಲದ ಮೇಲೆ ಏನನ್ನೂ ಬರೆಯದೆ, ಪ್ರತಿ ಮಾಡಿಕೊಂಡೇ ತೆರೆಯಿರಿ. ಅಳಿಸಿದ ಸಾಲುಗಳನ್ನೂ ತೋರಿಸುವಂತೆ ಓದಿಸಿ. ಹೊಸ ಸದಸ್ಯರ ಪಟ್ಟಿ ಮಾಡುವಾಗಲೂ, ಬಿಟ್ಟುಹೋದವರ ಸಾಲನ್ನು ತೆಗೆದುಹಾಕುವ ಬದಲು ‘ಬಿಟ್ಟ ದಿನಾಂಕ’ ಎಂಬ ಒಂದು ಕಾಲಂ ಇಡಿ. ಸಿಕ್ಕ ಪಟ್ಟಿಯನ್ನು ಮಾತ್ರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಅದು ಸಾವಿರಾರು ಜನರ ಜನ್ಮದಿನಾಂಕ.

ಮಾಸ್ತರರ ಆ ಇಡೀ ಕಡತ ನಾವು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊದಷ್ಟೂ ದೊಡ್ಡದಲ್ಲ. ಅದನ್ನು ಉಳಿಸಿಕೊಳ್ಳುವುದಕ್ಕೆ ಬೇಕಾದ ಖರ್ಚು ಏನೂ ಇಲ್ಲ. ಅದರಲ್ಲಿ ಇನ್ನೂ 2,318 ಜನರ ಸಾಲುಗಳಿವೆ. ಅವರಲ್ಲಿ ಯಾರಿಗೆ ಯಾವಾಗ ಬೇಕಾಗುತ್ತದೋ ಹೇಳಲಾಗದು.