ಬೇಸಗೆಯ ರಜೆಯೂ ಸಂಶೋಧನೆಯ ವೇತನವೂ

ಶಿರಸಿ ತಾಲ್ಲೂಕಿನ ಹುಲಗೋಳದಲ್ಲಿ ಅಡಕೆಯ ಕೊಯಿಲು ಮುಗಿದು ಬಿಸಿಲು ಏರುವ ಹೊತ್ತಿಗೆ ಕಾಲೇಜಿನ ಮಕ್ಕಳು ರಜೆಗೆಂದು ಮನೆಗೆ ಮರಳುವರು. ಅವರಲ್ಲೊಬ್ಬ ವಿದ್ಯಾರ್ಥಿನಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನ ದೊರೆಯುತ್ತಿದೆಯೆಂದು ಭಾವಿಸೋಣ. ಅದೇ ರಜೆಯಲ್ಲಿ ಬೆಂಗಳೂರಿನ ಪ್ರಯೋಗಶಾಲೆಯೊಂದರಿಂದ, ಎರಡು ತಿಂಗಳು ಬಂದು ಕೆಲಸ ಕಲಿಯಬಹುದೆಂಬ ಕರೆಯೂ ಬಂದಿತು. ಅವಳು ಎರಡನ್ನೂ ಒಪ್ಪಿಕೊಳ್ಳಬಹುದೆ? ಅಂಜಿ ಕರೆಯನ್ನು ಬಿಟ್ಟರೆ ಅಪೂರ್ವವಾದ ಅವಕಾಶ ಕೈತಪ್ಪುವುದು. ವಿಚಾರಿಸದೆ ಎರಡು ಕಡೆಯ ಹಣವನ್ನೂ ಪಡೆದರೆ ಮುಂದೆ ಹಿಂದಿರುಗಿಸಬೇಕಾಗಿ ಬಂದೀತು. ಆದುದರಿಂದ ಇದರ ತತ್ತ್ವವನ್ನು ತಿಳಿದಿರುವುದು ಒಳ್ಳೆಯದು.

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2008ರಲ್ಲಿ ‘ಇನ್‌ಸ್ಪೈರ್’ ಎಂಬ ಯೋಜನೆಯನ್ನು ಆರಂಭಿಸಿತು. ಮೂಲವಿಜ್ಞಾನಗಳಲ್ಲಿ ಬಿ.ಎಸ್‌ಸಿ., ಎಂ.ಎಸ್‌ಸಿ. ಓದುವವರಿಗಾಗಿ ಅದರಲ್ಲಿ ಒಂದು ವಿದ್ಯಾರ್ಥಿವೇತನವುಂಟು. ಅದರ ಮೊತ್ತ ವರ್ಷಕ್ಕೆ 80,000 ರೂಪಾಯಿ. ಇದರಲ್ಲಿ 60,000 ರೂಪಾಯಿ ವಿದ್ಯಾರ್ಥಿಯ ಓದಿಗೆ. ಉಳಿದ 20,000 ರೂಪಾಯಿ ಬೇಸಗೆಯಲ್ಲಿ ಮಾರ್ಗದರ್ಶಕರೊಬ್ಬರ ಬಳಿ ಮಾಡುವ ಸಂಶೋಧನೆಗೆ. ಎಂದರೆ, ಇಲ್ಲಿ ಬೇಸಗೆಯ ಕೆಲಸವು ವೇತನಕ್ಕೆ ವಿರೋಧವಲ್ಲ. ಅದರ ಅಂಗವೇ ಆಗಿದೆ.

ಬೇಸಗೆಯ ತರಬೇತಿಯನ್ನು ನೀಡುವ ಸಂಸ್ಥೆಗಳೂ ಹಲವು. ಸಿ. ವಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ಅಕಾಡೆಮಿಗಳೊಡನೆ ಕೂಡಿ ಇಂಥ ವೇತನಗಳನ್ನು ಕೊಡುತ್ತ ಬಂದಿದೆ. 1989ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವೂ ಹಾಗೆಯೇ. ದೂರ ಹೋಗಲಾರದವರು ನಿರಾಶರಾಗಬೇಕಿಲ್ಲ. ಶಿರಸಿಯಲ್ಲಿಯೇ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯವುಂಟು. ಅಲ್ಲಿಯ ಅಧ್ಯಾಪಕರನ್ನೂ ಕೇಳಿ ನೋಡಬಹುದು.

ಇನ್ನು ತತ್ತ್ವಕ್ಕೆ ಬರೋಣ. ಒಂದೇ ಕಾಲಕ್ಕೆ, ಒಂದೇ ಕೆಲಸಕ್ಕೆ ಸಾರ್ವಜನಿಕ ಹಣವು ಎರಡು ಸಲ ಸಲ್ಲಬಾರದು. ಕಲಿಕೆ ಎರಡು ಕಡೆಯಿಂದ ಬಂದರೆ ಬಾಧಕವಿಲ್ಲ. ಸಂಬಳ ಎರಡು ಕಡೆಯಿಂದ ಬಂದಾಗ ಪ್ರಶ್ನೆ ಏಳುವುದು. ಆದುದರಿಂದ ಹೊರಡುವ ಮುನ್ನ ಮೂರು ಮಾತುಗಳನ್ನು ಬರಹದಲ್ಲಿ ಕೇಳಿಕೊಳ್ಳಬೇಕು: ಬೇಸಗೆಯ ಈ ಕೆಲಸವನ್ನು ವೇತನದ ನಿಯಮ ಒಪ್ಪುವುದೆ? ಎರಡು ಕಡೆಯ ಹಣವನ್ನೂ ಪಡೆಯಬಹುದೆ, ಇಲ್ಲವೆ ಒಂದನ್ನು ಬಿಡಬೇಕೆ? ಕೊನೆಯಲ್ಲಿ ಯಾವ ವರದಿಯನ್ನೂ ಪ್ರಮಾಣಪತ್ರವನ್ನೂ ಯಾರಿಗೆ ಒಪ್ಪಿಸಬೇಕು? ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದತಕ್ಕದ್ದು.

ಎಲ್ಲ ವೇತನಗಳೂ ಇಷ್ಟು ಸಡಿಲವಲ್ಲ. ಪಿಎಚ್.ಡಿ. ಮಾಡುವ ಕಿರಿಯ ಸಂಶೋಧಕರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಯಿತು. ಅದು ಪೂರ್ಣಕಾಲದ ಕೆಲಸಕ್ಕೆ ಸಲ್ಲುವ ಹಣ. ಬೇಸಗೆಯೆಂದು ಅವರಿಗೆ ಬಿಡುವಿಲ್ಲ. ಅಮೆರಿಕದಲ್ಲಿ 1974ರ ಕಾನೂನಿನಿಂದ ಹುಟ್ಟಿದ ಆರೋಗ್ಯ ಸಂಶೋಧನೆಯ ಒಕ್ಕೂಟ ವೇತನವೂ ಪೂರ್ಣಕಾಲವನ್ನೇ ಕೇಳುವುದು; ತರಬೇತಿಗೆ ಅಡ್ಡಿಯಾಗದಂತೆ ವಾರಕ್ಕೆ ಸುಮಾರು 10 ಗಂಟೆ ಬೇರೆ ಕೆಲಸಕ್ಕೆ ಮಾತ್ರ ಅಲ್ಲಿ ಎಡೆಯುಂಟು.

ಬೇಸಗೆಯ ಸಂಶೋಧನೆಯೆಂದರೆ ಎಂಥದು? ಹುಲಗೋಳದ ಸೀಮೆಯದೇ ಒಂದು ಉದಾಹರಣೆಯನ್ನು ನೋಡೋಣ. ಮಳೆಗಾಲದಲ್ಲಿ ಕೊಳೆರೋಗ ತಗಲದಿರಲೆಂದು ಅಡಕೆಯ ಕೊನೆಗಳಿಗೆ ಬೋರ್ಡೊ ಮದ್ದನ್ನು ಹೊಡೆಯುವರು. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಈ ರೋಗವನ್ನು ಮೈಸೂರು ಸರಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು 1910ರಷ್ಟು ಹಿಂದೆಯೇ ವಿವರಿಸಿದ್ದರು. ಮದ್ದು ಹದವಾಗಿದೆಯೆ ಎಂದು ನೋಡಲು ತಿಕ್ಕಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದುವುದುಂಟು. ಸುಣ್ಣ ಸಾಲದಿದ್ದರೆ ಕರಗಿ ಉಳಿದ ತಾಮ್ರವು ಕಬ್ಬಿಣದ ಮೇಲೆ ಕೆಂಪಗೆ ಕೂಡುವುದು. ಹೀಗೆ ಹೊಡೆದ ತಾಮ್ರದಲ್ಲಿ ಎಷ್ಟು ಪಾಲು ಮಳೆಗೆ ತೊಳೆದುಹೋಗುವುದು? ಮದ್ದು ಬಳಿದ ಕಾಯಿಗಳ ಮೇಲೆ ಅಳೆದ ನೀರನ್ನು ಸುರಿದು, ಇಳಿದ ನೀರಿನಲ್ಲಿರುವ ತಾಮ್ರವನ್ನು ಅಳೆಯಬಹುದು. ಎರಡು ತಿಂಗಳಿಗೆ ತಕ್ಕ ಪ್ರಶ್ನೆಯಿದು.

ತೋಟದಲ್ಲಿ ಹುಟ್ಟಿದ ಪ್ರಶ್ನೆ ಪ್ರಯೋಗಶಾಲೆಯನ್ನು ಸೇರಲು ವೇತನವು ದಾರಿ, ರಜೆಯು ಕಾಲ. ಎರಡನ್ನೂ ಕೂಡಿಸುವ ಜಾಣ್ಮೆ ನಮ್ಮ ವಿದ್ಯಾರ್ಥಿಗಳಿಗೆ ಇರಲಿ; ಕೂಡಿಸುವ ಮೊದಲು ಕೇಳುವ ಪ್ರಾಮಾಣಿಕತೆಯೂ ಇರಲಿ.